ಸುಣ್ಣ ಮೆತ್ತಿದ ಕೆನ್ನೆ

ಮೇ ತಿಂಗಳಲ್ಲಿ ಮೋಂತ್ರಾಕ್ ಊರಿನ ಪಾಳು ಅರಮನೆಯ ಗೋಪುರ ದುರಸ್ತಿಗೆ ಕಲ್ಲುಕೆಲಸದ ಎರ್ವಾನ್ ಬಂದ ದಿನ, ಗೈಡ್ ಸಿಬಿಲ್ ಊರ ವಾಡಿಕೆಯಂತೆ ಸ್ವಾಗತದ ಮುತ್ತಿಗೆ ಕೆನ್ನೆ ಒಡ್ಡಿದಳು. ಅವನು ಒಂದು ಮುತ್ತಿಟ್ಟು ಹಿಂದೆ ಸರಿದ. ಅವಳ ಇನ್ನೊಂದು ಕೆನ್ನೆ ಗಾಳಿಯಲ್ಲೇ ಉಳಿಯಿತು. ಟಿಕೆಟ್ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇಲ್ಲಿ ಮೂರು ಕಣಯ್ಯಾ," ಎಂದಳು ಸಿಬಿಲ್.

"ನಮ್ಮ ಬ್ರೆತಾನ್ಯ ಕಡಲ ಕಡೆ ಒಂದೇ. ಅಲ್ಲಿ ಗಾಳಿಗೆ ಯಾರೂ ಅಷ್ಟೊತ್ತು ನಿಲ್ಲಲ್ಲ."

ಆಮೇಲೆ ಬೇಸಿಗೆಯಿಡೀ ದಿನವೂ ಅದೇ ಜಗಳ. ಅವನು ಬೇಕೆಂದೇ ಒಂದಕ್ಕೆ ನಿಲ್ಲಿಸುವನು. ಅವಳು ಬೈಯುವಳು. ಅವನು ಗಾರೆ ಕಲಸುವುದನ್ನು ಬಿಟ್ಟು ಬಂದು ಉಳಿದೆರಡನ್ನು ನಿಧಾನವಾಗಿ ಮುಗಿಸುವನು. ಕೆನ್ನೆಯ ಮೇಲೆ ಸುಣ್ಣ ಹೊತ್ತುಕೊಂಡೇ ಅವಳು ಪ್ರವಾಸಿಗರಿಗೆ ಗೋಪುರದ ಕಥೆ ಹೇಳುವಳು. ಒರೆಸಿಕೊಳ್ಳುತ್ತಿರಲಿಲ್ಲ.

ಹಿಮ ಬಿದ್ದರೆ ಸುಣ್ಣದ ಗಾರೆ ಹಿಡಿಯದು. ಹಾಗಾಗಿ ಅಕ್ಟೋಬರ್ ಕೊನೆಗೆ ಗೋಪುರದ ಕೆಲಸ ಬಂದ್. ಆದರೆ ಕಣಿವೆಯಾಚೆಯ ಹಳೆಯ ಪ್ರಾರ್ಥನಾಮಂದಿರದ ಒಳಗೋಡೆ ಬಾಕಿಯಿತ್ತು. ಒಲೆ ಹಚ್ಚಿಕೊಂಡು ಚಳಿಗಾಲವಿಡೀ ಮಾಡಬಹುದಾದ ಕೆಲಸ. ಸಿಬಿಲ್ ಮೇಯರ್ ಹಿಂದೆ ಮೂರು ವಾರ ಅಲೆದು ಅದನ್ನು ಎರ್ವಾನ್‌ಗೇ ಕೊಡಿಸಿದಳು. ಬೇಕರಿಯವಳ ಬಳಿಯಿರುತ್ತಿದ್ದ ಮಂದಿರದ ಬೀಗದ ಕೈಯನ್ನು ತಂದು ಅವನಿಗೆ ಕೊಟ್ಟಳು.

"ಇರ್ತೀಯಾ?"

ಅವನು ಕೀಲಿಯನ್ನು ತಿರುವಿ ನೋಡಿದ. "ಭಾನುವಾರ ಹೇಳ್ತೀನಿ."

ಭಾನುವಾರ ಅವನ ವ್ಯಾನಿನಿಂದ ಒಬ್ಬ ಹುಡುಗಿ ಇಳಿದಳು.

"ನೋಲ್ವೆನ್. ನನ್ನನ್ನ ಮದುವೆ ಆಗೋಳು."

ನೋಲ್ವೆನ್ ನಗುತ್ತ ಬಂದು ಸಿಬಿಲ್‌ಳ ಕೆನ್ನೆಗಳಿಗೆ ಮುತ್ತಿಟ್ಟಳು. ಒಂದು, ಎರಡು, ಮೂರು.

"ದಾರಿಯುದ್ದಕ್ಕೂ ಇದೇ ಪಾಠ ಮಾಡ್ಕೊಂಡು ಬಂದ ಕಣೇ, ಇಲ್ಲಿ ಮೂರು, ಮರೀಬೇಡ ಅಂತ. ಸರಿಯಾಯ್ತಾ?"

"ಸರಿಯಾಯ್ತು," ಎಂದಳು ಸಿಬಿಲ್.

ನೋಲ್ವೆನ್ ಗೋಪುರದ ಫೋಟೋ ತೆಗೆಯಲು ಹೋದಾಗ ಎರ್ವಾನ್ ಕೀಲಿ ಚಾಚಿದ. "ನಮ್ಮೂರಲ್ಲೇ ಕೆಲಸ ಸಿಕ್ತು. ಫೆಬ್ರವರಿಯಲ್ಲಿ ಮದುವೆ."

"ಮೊದಲೇ ಹೇಳಬಹುದಿತ್ತು."

"ನೀನು ಕೇಳ್ಲಿಲ್ಲ."

"ಕೇಳಿದ್ರೆ?"

"ಹೇಳ್ಬೇಕಾಗ್ತಿತ್ತು." ಅವನು ತನ್ನ ಬೂಟು ನೋಡಿಕೊಂಡ. "ಬೆಳಿಗ್ಗೆ ನೀನು ಬೈಯೋದು ನಿಂತುಹೋಗ್ತಿತ್ತು. ಅದು ಬೇಕಿತ್ತು ನಂಗೆ. ನನ್ನ ತಪ್ಪೇ."

ಬೇಕಿತ್ತು ಎಂಬ ಆ ಮಾತಿಗೇ ಅವಳು ಇಷ್ಟು ದಿನ ಕಾದಿದ್ದಳು. ಈಗ ಅದನ್ನು ಇಟ್ಟುಕೊಳ್ಳಲು ಅವಳಲ್ಲಿ ಜಾಗವಿರಲಿಲ್ಲ.

ಅವನು ಬಾಗಿ ಒಂದು ಮುತ್ತಿಟ್ಟ. ಈ ಸಲ ನಿಲ್ಲಿಸದೆ ಇನ್ನೊಂದು ಕೆನ್ನೆಗೆ ತಿರುಗಿದ. ಅವಳು ಹಿಂದೆ ಸರಿದಳು.

"ಸಾಕು. ನಿಮ್ಮೂರಲ್ಲಿ ಒಂದೇ ತಾನೇ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಗೇಟಿನ ಬಳಿ ನಾಲ್ವರು ಪ್ರವಾಸಿಗರು ಕಾಯುತ್ತಿದ್ದರು. ಸಿಬಿಲ್ ಅಭ್ಯಾಸದಂತೆ ಕೆನ್ನೆ ಮುಟ್ಟಿ ಬೆರಳು ನೋಡಿಕೊಂಡಳು. ಭಾನುವಾರ, ಅವನು ಮಿಂದು ಬಂದಿದ್ದ. ಸುಣ್ಣವಿರಲಿಲ್ಲ.