ಮೇ ತಿಂಗಳ ಸಂಬಳದ ಚೀಟಿ

2025ರ ಅಕ್ಟೋಬರ್ 13, ಸೋಮವಾರ ಬೆಳಿಗ್ಗೆ 10.20ಕ್ಕೆ ತೆಂಗಿನಗುಂಡಿಯ ಸುಚಿತಾ, ವಯಸ್ಸು 26, ಒಣಮೀನು ವ್ಯಾಪಾರ, ಭಟ್ಕಳದ ಠಾಣೆಗೆ ಬಂದು ದೂರು ಕೊಟ್ಟಳು. ಹೊನ್ನಾವರ ಬಸ್ ನಿಲ್ದಾಣದ ಬಳಿ ವೀಸಾ ಕಾಗದಪತ್ರ ಮಾಡಿಕೊಡುವ ಅರ್ಚನಾ ಎಂಬಾಕೆ ತನ್ನ ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ ಮತ್ತು ನಲವತ್ತು ಸಾವಿರ ರೂಪಾಯಿ ತೆಗೆದುಕೊಂಡು, ಮೂರು ದಿನದಿಂದ ಅಂಗಡಿಯ ಶಟರ್ ಇಳಿಸಿ ಫೋನ್ ಬಂದ್ ಮಾಡಿದ್ದಾಳೆ ಎಂಬುದು ದೂರು.

ಇನ್ಸ್‌ಪೆಕ್ಟರ್ ರೇಖಾ ಹಾವೇರಿ ಕಡೆಯವರು. ಕರಾವಳಿಗೆ ಬಂದು ಮೂರು ತಿಂಗಳಾದರೂ ಮೀನಿನಲ್ಲಿ ಬಂಗಡೆ ಯಾವುದು, ತಾರ್ಲೆ ಯಾವುದು ಗೊತ್ತಿಲ್ಲ ಎಂದು ಸಿಬ್ಬಂದಿ ಬೆನ್ನ ಹಿಂದೆ ನಗುತ್ತಿದ್ದರು. ಅವರು ಪ್ರಶ್ನೆ ಕೇಳಲು ಕೂತಾಗ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ.

“ಗಂಡ?”

“ಉದಯ. ಇಂಗ್ಲೆಂಡಿನ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ. ಅಲ್ಲೇ ಕಾಯಂ ಇರೂಕೆ ಪರವಾನಗಿ ಸಿಕ್ಕಿದೆ.”

“ಮದುವೆ?”

“ಮೊನ್ನೆ ಮೇ ತಿಂಗಳಲ್ಲಿ, ಮೇಡಂ. ಇಪ್ಪತ್ತೊಂದು ದಿನ ಇದ್ದು ಹೋದ್ರು.”

“ಅವಸರ ಏನು?”

“ಗುರುವಾರ ಬೆಂಗಳೂರಿನಲ್ಲಿ ವೀಸಾಕ್ಕೆ ಬೆರಳಚ್ಚು ಕೊಡೂದು. ಪಾಸ್‌ಪೋರ್ಟ್ ಇಲ್ದೆ ಎಂತ ಮಾಡೂದು?”

ಅರ್ಚನಾ ಕಳೆದ ವಾರ ಫೋನಿಗೆ ಕಳಿಸಿದ್ದ ಕಡತದ ಫೋಟೋಗಳನ್ನು ರೇಖಾ ಪ್ರಿಂಟ್ ತೆಗೆಸಿದರು. ಅದರಲ್ಲಿ ಸುಚಿತಾಳ ಬ್ಯಾಂಕ್ ಖಾತೆಯ ಆರು ತಿಂಗಳ ವಿವರವಿತ್ತು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಇಪ್ಪತ್ತೈದು ಲಕ್ಷಕ್ಕಿಂತ ಒಂದು ದಿನವೂ ಕಡಿಮೆಯಿಲ್ಲ. ವಾರವಾರ ಬೋಟಿನ ಪಾಲೂ ಜಮಾ ಆಗಿತ್ತು. ಹೆಡ್ ಕಾನ್‌ಸ್ಟೆಬಲ್ ಸೋಮಯ್ಯ, ಅಪ್ಪ ಅಜ್ಜನ ಕಾಲದಿಂದ ಕಡಲಿನ ಮನೆತನದವನು, ಬಗ್ಗಿ ನೋಡಿದವನೇ ಹುಬ್ಬು ಗಂಟಿಕ್ಕಿದ.

“ಮೇಡಂ, ಜೂನ್ 14ಕ್ಕೆ ಪಾಲು ಬಂದಿದೆ. ಜುಲೈನಲ್ಲಿ ನಾಲ್ಕು ಸಲ.”

“ಬಂದರೆ?”

“ಆ ಎರಡು ತಿಂಗಳು ಬೋಟು ಕಡಲಿಗೆ ಇಳಿಯೂ ಹಾಗಿಲ್ಲ, ಸರ್ಕಾರದ್ದೇ ನಿಷೇಧ. ಎಲ್ಲಾ ದಡಕ್ಕೆ ಹತ್ತಿಸಿ ತಾಡಪಾಲು ಹೊದಿಸಿರ್ತಾರೆ. ಮೀನೇ ಹಿಡೀದೆ ಪಾಲು ಕೊಡೂದು ಯಾರು?”

ರೇಖಾ ಸುಚಿತಾಳ ಕಡೆ ತಿರುಗಿದರು. “ಇದು ನಿಮ್ಮ ಖಾತೆಯಾ?”

“ನಂಬರ್ ನಂದೇ. ದುಡ್ಡು ನಂದಲ್ಲ. ನನ್ನ ಹತ್ರ ಒಂದು ಲಕ್ಷ ಹತ್ತು ಸಾವಿರ ಇದೆ, ಅಷ್ಟೇ.” ಅವಳ ಮುಖ ಬಿಳಿಚಿಕೊಂಡಿತು. “ನಮ್ಮನೆಯವರ ಸಂಬಳದ ಚೀಟಿ ಮಾತ್ರ ನೋಡಿದೆ. ನನ್ನದು ನಂಗೆ ಗೊತ್ತಿದ್ದದ್ದೇ ಅಲ್ದಾ ಅಂತ ಆ ಪುಟ ತಿರುಗಿಸಿ ನೋಡಲೇ ಇಲ್ಲ.”

“ಈ ಕಾಗದ ಅಲ್ಲಿಗೆ ಮುಟ್ಟಿದರೆ ಏನಾಗುತ್ತದೆ ಗೊತ್ತಾ? ಸುಳ್ಳು ದಾಖಲೆ ಕೊಟ್ಟವರಿಗೆ ಹತ್ತು ವರ್ಷ ಬಾಗಿಲು ಮುಚ್ಚುತ್ತಾರೆ. ಕಳಿಸಿ ಆಯಿತಾ?”

“ಗೊತ್ತಿಲ್ಲ. ಪಾಸ್‌ವರ್ಡ್ ಅವಳ ಹತ್ರವೇ ಇದೆ.”

ಸುಚಿತಾ ಬೆಂಚಿನ ಮೇಲೆ ಕೂತುಬಿಟ್ಟಳು. ಮದುವೆಯಾಗಿ ಇಪ್ಪತ್ತೊಂದು ದಿನ ಗಂಡನ ಜೊತೆ ಇದ್ದವಳು ಹತ್ತು ವರ್ಷವನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು? ಸೋಮಯ್ಯ ಚಹಾ ತರಿಸಿದ.

12.40ಕ್ಕೆ ಬ್ಯಾಂಕಿನ ವ್ಯವಸ್ಥಾಪಕರು ಖಾತೆಯ ವಿವರವೂ ಅದರ ಮೇಲಿನ ಸೀಲೂ ನಕಲಿ ಎಂದು ಬರೆದುಕೊಟ್ಟರು. ವಂಚನೆ ಮತ್ತು ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು.

ಮಂಗಳವಾರ 11.15ಕ್ಕೆ ಹೊನ್ನಾವರದಲ್ಲಿ ಕಟ್ಟಡದ ಮಾಲೀಕರಿಂದ ಶಟರ್ ತೆಗೆಸಿ ಪಂಚರ ಎದುರು ಶೋಧ ನಡೆಯಿತು. ಕಡತವಿಲ್ಲ, ಕಂಪ್ಯೂಟರ್ ಇಲ್ಲ. ಕಸದ ಬುಟ್ಟಿಯಲ್ಲಿ ಸೀಲು ತುಂಬಿ ಬಂದ ಸಣ್ಣ ರಟ್ಟಿನ ಪೆಟ್ಟಿಗೆ ಸಿಕ್ಕಿತು, ಮೇಲೆ ಕುಮಟಾದ ಅಂಗಡಿಯ ಹೆಸರು. ಪಂಚನಾಮೆ ಬರೆದು ಜೀಪು ಕುಮಟಾಕ್ಕೆ ಹೊರಟಿತು.

ಸೀಲು ಮಾಡುವ ಮಹಾಗಣಪತಿಗೆ ಒಂದು ಪದ್ಧತಿಯಿತ್ತು. ಯಾವ ಸೀಲು ಮಾಡಿದರೂ ಮೊದಲ ಅಚ್ಚು ತನ್ನ ನೋಟ್‌ಬುಕ್ಕಿನಲ್ಲಿ ಒತ್ತಿ, ಪಕ್ಕದಲ್ಲಿ ಗಿರಾಕಿಯ ವಿಳಾಸ ಬರೆಯುವುದು. ಬ್ಯಾಂಕಿನ ಸೀಲು ಮೂರನೇ ಪುಟದಲ್ಲೇ ಇತ್ತು.

“ಬ್ಯಾಂಕಿನ ಪತ್ರ ಇಲ್ಲದೆ ಮಾಡಿಕೊಟ್ಟಿರಾ?”

“ಪತ್ರ ತಂದಿದ್ರು ಮೇಡಂ. ಅದೂ ಸುಳ್ಳು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಆ ದಿನ ಜೋರು ಮಳೆ, ಮನೆಗೇ ಕಳಿಸಿ ಅಂದ್ರು. ಮಿರ್ಜಾನಕ್ಕೆ ಕಳಿಸಿದೆ.”

ಮಿರ್ಜಾನದ ತವರುಮನೆಯ ಜಗಲಿಯಲ್ಲಿ ಅರ್ಚನಾ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನೆ ಕೂತಿದ್ದಳು. ಸಮಯ 4.50. ಹೆಂಗಸಿನ ದಸ್ತಗಿರಿಯನ್ನು ಹೊತ್ತು ಮುಳುಗುವುದರೊಳಗೆ ಮುಗಿಸಬೇಕಿತ್ತು.

“ಸುಚಿತಾ ಅವರ ಕಾಗದ ಕಳಿಸಿದ್ದೀರಾ?”

“ಇಲ್ಲ.”

“ತೆಗೆದು ತೋರಿಸಿ.”

ಅವಳು ತೋರಿಸಿದಳು. ಅರ್ಜಿ ತುಂಬಿತ್ತು, ದಾಖಲೆ ಸೇರಿಸುವ ಜಾಗ ಖಾಲಿಯಿತ್ತು. ರೇಖಾ ದೊಡ್ಡ ಉಸಿರು ಬಿಟ್ಟರು. ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಮದುವೆ ನೋಂದಣಿ ಪತ್ರ ಮತ್ತು ಎರಡು ಸೀಲುಗಳನ್ನು ವಶಪಡಿಸಿಕೊಂಡು, 5.35ಕ್ಕೆ ದಸ್ತಗಿರಿ ಮಾಡಿದರು.

“ಓಡಿಹೋದದ್ದು ಯಾಕೆ?”

“ಮೊದಲು ಧನ್ಯಶ್ರೀ ಅಂತ ಒಬ್ಬಳಿಗೆ ಹೀಗೇ ಮಾಡಿಕೊಟ್ಟಿದ್ದೆ. ಹೋದ ವಾರ ಅವಳಿಗೆ ಹತ್ತು ವರ್ಷ ಬಾಗಿಲು ಮುಚ್ಚಿದ್ರು. ಆಮೇಲೆ ಇವಳದ್ದು ಕಳಿಸೂಕೆ ಕೈ ಬರಲಿಲ್ಲ.”

ಪಾಸ್‌ಪೋರ್ಟ್ ಗುರುತಿಸಲು ಸುಚಿತಾಳನ್ನು ಠಾಣೆಗೆ ಕರೆಸಿದ್ದರು. ಇಬ್ಬರೂ ಎದುರಾದದ್ದು ಅಲ್ಲಿ.

“ಅವರ ಸಂಬಳ ಸಾಕಾಗ್ತದೆ ಅಲ್ದಾ ಅಕ್ಕಾ? ಮತ್ತೆ ಈ ಸುಳ್ಳು ಎಂತಕ್ಕೆ?”

“ಐದು ತಿಂಗಳದ್ದು ಸಾಕು. ಮೇ ತಿಂಗಳದ್ದು ಕಡಿಮೆ. ಸಂಬಳ ಇಲ್ಲದ ರಜೆ ಹಾಕಿ ಬಂದಿದ್ದ. ಆರು ಚೀಟಿಯಲ್ಲಿ ಎಲ್ಲಕ್ಕಿಂತ ಕಡಿಮೆದ್ದನ್ನೇ ಹಿಡಿದು ವೀಸಾದವರು ಇಡೀ ವರ್ಷದ ಲೆಕ್ಕ ಹಾಕ್ತಾರೆ. ಆ ಕೊರತೆ ತುಂಬೂಕೆ ಖಾತೆಯಲ್ಲಿ ಆರು ತಿಂಗಳ ಉಳಿತಾಯ ತೋರಿಸ್ಬೇಕು.”

“ಅವರು ಬಂದದ್ದು ಮದುವೆಗೆ.”

“ಗೊತ್ತು. ನನ್ನವನೂ ಮದುವೆಗೇ ಬಂದಿದ್ದ.” ಅರ್ಚನಾ ಮೇಜಿನ ಅಂಚನ್ನು ನೋಡುತ್ತ ಹೇಳಿದಳು. “ಎಲ್ಲಾ ಸತ್ಯದ ಕಾಗದವೇ ಕೊಟ್ಟಿದ್ದೆ. ಆ ಒಂದು ಚೀಟಿಗೆ ತಿರಸ್ಕಾರ ಆತು. ಸ್ವಲ್ಪ ದಿನ ಕಾಯಿ ಅಂದ. ಆಮೇಲೆ ಫೋನೂ ನಿಂತ್ಹೋಯ್ತು. ಯಾವ ಹುಡುಗಿ ಫೈಲು ಬಂದ್ರೂ ಕಾಯಿ ಅನ್ನೂಕೆ ನಂಗೆ ಬಾಯಿ ಬರ್ತಿರಲಿಲ್ಲ.”

ರೇಖಾಗೆ ಕನಿಕರ ಉಕ್ಕಿತು, ಸಿಟ್ಟೂ ಇಳಿಯಲಿಲ್ಲ. ಧನ್ಯಶ್ರೀಯ ಹತ್ತು ವರ್ಷವನ್ನು ಯಾರು ವಾಪಸು ಕೊಡುವುದು?

“ಈಗ ದಾರಿ ಏನು?” ಎಂದು ಅವರೇ ಕೇಳಿದರು.

“ಈ ಅರ್ಜಿ ರದ್ದು ಮಾಡೂದು. ಜೂನ್‌ನಿಂದ ನವೆಂಬರ್ ತನಕದ ಆರು ಚೀಟಿ ಹಿಡಿದು ಡಿಸೆಂಬರಿನಲ್ಲಿ ಹೊಸದು ಹಾಕೂದು. ಸುಳ್ಳು ಬೇಕಾಗಿಲ್ಲ.” ಅರ್ಚನಾ ತಲೆ ಎತ್ತಲಿಲ್ಲ. “ಬೇಕಾಗಿಯೇ ಇರಲಿಲ್ಲ.”

ಪಾಸ್‌ಪೋರ್ಟನ್ನು ಬೇಗ ಬಿಡಿಸಿಕೊಡುವಂತೆ ನ್ಯಾಯಾಲಯಕ್ಕೆ ಮನವಿ ಬರೆಯಲು ರೇಖಾ ಸೋಮಯ್ಯನಿಗೆ ಹೇಳಿದರು. ಸುಚಿತಾ ಅರ್ಚನಾಳಿಂದ ಪಾಸ್‌ವರ್ಡ್ ಕೇಳಿಕೊಂಡು, ಅಲ್ಲೇ ಕೂತು ಗುರುವಾರದ ಸಮಯ ರದ್ದು ಮಾಡಿದಳು. ಕಣ್ಣೊರೆಸಿಕೊಂಡು ಉದಯನಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಅವನು ಗಾಬರಿಯಾಗಿ, ನಾಳೆಯೇ ರಜೆ ಹಾಕಿ ಹೊರಟು ಬರುತ್ತೇನೆ ಎಂದ.

“ಬೇಡ ಮಾರಾಯ್ರೇ,” ಎಂದಳು ಸುಚಿತಾ, ಅಳುವಿನ ನಡುವೆಯೇ ನಗುತ್ತ. “ನವೆಂಬರ್ ಮುಗಿಯೂ ತನಕ ಒಂದೇ ಒಂದು ದಿನ ರಜೆ ಹಾಕ್ಬೇಡಿ. ಈ ಸಲ ಬರೂದು ನಾನು.”