ತೊಳೆಯಬಾರದಿದ್ದ ಹೂ

ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ತನ್ನನ್ನೇ ನೋಡುತ್ತಾನೆಂದು ನರ್ಸಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ದಿನಾ ಅದೇ ಎರಡನೇ ಸೀಟಿನಲ್ಲಿ ಕೂರುತ್ತಿದ್ದಳು.

ಒಂದು ಗುರುವಾರ ಅವಳು ಇಳಿಯುವಾಗ ಅವನು ಬಟ್ಟೆಯ ಚೀಲವೊಂದನ್ನು ಚಾಚಿದ. ಒಳಗೆ ಬಿಳಿಯ ಪುಟ್ಟ ಹೂಗಳ ಗೊಂಚಲು.

“ಕೊನೇ ಸ್ಟಾಪಿನ ಬೇಲೀಲಿ ತಾನಾಗೇ ಬೆಳೆಯುತ್ತೆ. ನಮ್ಮಮ್ಮ ಸಿರಪ್ ಮಾಡ್ತಿದ್ರು. ಬಿಸಿ ಸಕ್ಕರೆ ಪಾಕ, ನಿಂಬೆಹಣ್ಣು ಹಾಕಿ ಮೂರು ದಿನ ಮುಚ್ಚಿಡಿ. ಆದ್ರೆ ತೊಳೀಬೇಡಿ ಸಿಸ್ಟರ್. ಪರಿಮಳ ಎಲ್ಲ ಆ ಹಳದಿ ಪುಡೀಲೇ ಇರೋದು.”

“ಹುಳ ಇದ್ರೆ?”

“ಕೊಡವಿ, ಸಾಕು. ಭಾನುವಾರ ನಿಮ್ಮನೆಗೆ ಬರ್ತೀನಿ. ಒಂದು ಗ್ಲಾಸ್ ಕುಡಿದು, ಒಂದು ಮಾತು ಕೇಳೋದಿದೆ.” ಅವನ ಕಿವಿ ಕೆಂಪಾಗಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ದಿನಕ್ಕೆ ನಲವತ್ತು ಸಲ ಕೈ ತೊಳೆಯುವವಳು ಹೂವನ್ನು ಬಿಟ್ಟಾಳೇ? ಮೂರು ನೀರಿನಲ್ಲಿ ತೊಳೆದಳು. ಹಳದಿ ಪುಡಿಯೆಲ್ಲ ಸಿಂಕಿನ ಪಾಲಾಯಿತು.

ಭಾನುವಾರ ಸೋಸಿದ್ದನ್ನು ಅಕ್ಕ ರುಚಿ ನೋಡಿ ಬಿದ್ದು ಬಿದ್ದು ನಕ್ಕಳು. “ಇದೇನೇ, ವಾರ್ಡಿಂದ ಗ್ಲೂಕೋಸ್ ತಂದ್ಯಾ?”

ಅಷ್ಟರಲ್ಲಿ ಬೆಲ್ ಆಯಿತು. ಅವನು ಹೇಳಿದ ಒಂದೇ ಒಂದು ಮಾತನ್ನೂ ಕೇಳಲಿಲ್ಲವಲ್ಲ ಎಂದು ನರ್ಸಮ್ಮನಿಗೆ ನಾಚಿಕೆ. “ಡ್ಯೂಟಿಗೆ ಹೋಗಿದಾಳೆ ಅನ್ನು, ಅಕ್ಕ. ನಾಳೆ ಬಸ್ಸಲ್ಲಿ ಬೇರೆ ಹೂ ಕೇಳಿ ಮತ್ತೆ ಮಾಡ್ತೀನಿ,” ಎಂದು ಕಿಟಕಿಯ ಪರದೆ ಹಿಂದೆ ಸರಿದಳು.

ಮರುದಿನ ಸ್ಟೀರಿಂಗ್ ಮುಂದೆ ಬೇರೆ ಯಾರೋ ಕೂತಿದ್ದರು. ಅವನಿಗೆ ದೂರದ ಊರಿಗೆ ವರ್ಗವಾಗಿತ್ತೆಂದೂ ಭಾನುವಾರ ಸಂಜೆಯೇ ಹೊರಟನೆಂದೂ ಕಂಡಕ್ಟರ್ ಹೇಳಿದ. ಅಷ್ಟು ದೊಡ್ಡ ವಿಷಯವನ್ನು ಆ ಪುಣ್ಯಾತ್ಮ ಬಾಯಿಬಿಟ್ಟು ಹೇಳಿರಲೇ ಇಲ್ಲ.

ಎರಡು ವರ್ಷದ ಮೇಲೆ, ಊರಿಗೆ ಬಂದಾಗ ಅಂಗೈ ಕೊಯ್ದುಕೊಂಡು ಇಂಜೆಕ್ಷನ್ನಿಗೆಂದು ಅವನೇ ಆಸ್ಪತ್ರೆಯಲ್ಲಿ ಅವಳ ಮುಂದೆ ಬಂದು ಕೂತ. ಗಾಯ ಒರೆಸುತ್ತಾ ಅವಳು ಹೇಳಿಬಿಟ್ಟಳು.

“ಅವತ್ತು ನಾನು ಮನೇಲೇ ಇದ್ದೆ.”

“ಗೊತ್ತು. ಪರದೆ ಹಿಂದೆ ಕಂಡ್ರಿ. ಇಷ್ಟ ಇಲ್ಲ ಅಂದ್ಕೊಂಡು ಹೋಗ್ಬಿಟ್ಟೆ.”

“ಹೂ ತೊಳೆದುಬಿಟ್ಟಿದ್ದೆ. ಮುಖ ತೋರಿಸೋಕೆ ನಾಚಿಕೆ ಆಯ್ತು.”

“ಅಷ್ಟೇನಾ?” ನಗಲು ಹೋದ, ಆಗಲಿಲ್ಲ. “ಸಕ್ಕರೆ ನೀರಾಗಿದ್ರೂ ಕುಡೀತಿದ್ನಲ್ರೀ.”

ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಬ್ಯಾಂಡೇಜ್ ಸುತ್ತಿದಳು. ಬಾಗಿಲಾಚೆ ಬೆಂಚಿನ ಮೇಲೆ ಅವನ ಹೆಂಡತಿ, ಅವನ ಜಾಕೆಟನ್ನು ತೊಡೆಯ ಮೇಲಿಟ್ಟುಕೊಂಡು ಆತಂಕದಿಂದ ಇತ್ತಲೇ ನೋಡುತ್ತಿದ್ದಳು.

ಎದ್ದವನು ಬಾಗಿಲ ಬಳಿ ತಿರುಗಿದ. “ಅವತ್ತು ಏನು ಕೇಳೋಕೆ ಬಂದಿದ್ದೆ ಅಂತ ನೀವು ಕೇಳಲೇ ಇಲ್ಲ.”

“ಬೇಡ. ನೀವು ಕೇಳಿದ್ರೆ ಈಗಲೂ ಹೂಂ ಅಂದುಬಿಡ್ತೀನಿ. ಹೋಗಿ, ಅವರು ಕಾಯ್ತಿದಾರೆ.”