ಮಡಚಿಹೋದ ಮೂರನೇ ಲೇನ್

ಅಂತ್ಯಸಂಸ್ಕಾರ ಮುಗಿದು, ಬಂದವರೆಲ್ಲ ಹೊರಟುಹೋಗಿ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದ ಮೊದಲ ಬೆಳಿಗ್ಗೆ.

ಸೊಸೆ ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದಳು. ಹೊಲಿಯುವುದಕ್ಕೆ ಪರದೆಗಳು ರಾಶಿ ಬಿದ್ದಿದ್ದವು. ಎಲ್ಲಿಂದ ಶುರುಮಾಡಬೇಕು ಎಂಬುದೇ ತಿಳಿದಿರಲಿಲ್ಲ.

ಬಾಗಿಲು ದಬದಬ ಬಡಿದ ಸದ್ದು.

ತೆಗೆದರೆ, ಹುಬ್ಬು ಗಂಟಿಕ್ಕಿಕೊಂಡ ಒಬ್ಬ ಗಂಡಸು!

"ಯಜಮಾನರು ಇದಾರಾ?"

"ಇಲ್ಲ."

"ಯಾವಾಗ ಬರ್ತಾರೆ?"

ಅವಳು ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಇದಕ್ಕೆ ಉತ್ತರ ಹೇಗೆ ಹೇಳುತ್ತಾರೆ...?

"ನೋಡಿ ಮೇಡಂ, ಎರಡು ದಿನಕ್ಕೆ ಅಂತ ಇಸ್ಕೊಂಡು ಹೋದ್ರು. ಇವತ್ತಿಗೆ ಇಪ್ಪತ್ಮೂರು ದಿನ! ಫೋನ್ ಮಾಡಿದ್ರೆ ಎತ್ತಲ್ಲ. ನನ್ನ ರಸ್ತೆ ಬಟ್ಟೆ ಇಲ್ದೆ ನಾನು ಪಾಠ ಮಾಡೋದು ಹೇಗೆ?"

"ಅವರು ಬರಲ್ಲ."

"ಬರಲ್ಲ ಅಂದ್ರೆ? ಬರೋವರೆಗೂ ಇಲ್ಲೇ ಕೂತ್ಕೋತೀನಿ!"

ಒಳಗಿನಿಂದ ಅತ್ತೆಯ ದನಿ ಬಂತು. "ಕೂತ್ಕೊಳ್ಳಪ್ಪ, ಕುರ್ಚಿ ಇದೆ. ಆದ್ರೆ ನನ್ನ ಮಗ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ."

ಅವನ ಮುಖದ ಬಣ್ಣ ಇಳಿಯಿತು. ಕೂರಲೂ ಆಗದೆ, ಹೋಗಲೂ ಆಗದೆ, ಹೊಸಿಲಾಚೆ ಹಾಗೇ ನಿಂತುಬಿಟ್ಟ.

ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು, ಅವರ ಹಾಗೆಯೇ ಕನ್ನಡದವನು. ಅವಳ ಗಂಡ ಪರದೆ ಕಟ್ಟುವವನು. ಅತ್ತೆ, ಸೊಸೆ ಹೊಲಿದದ್ದನ್ನು ವ್ಯಾನಿನಲ್ಲಿ ಒಯ್ದು ಮನೆಮನೆಗೆ ಕಟ್ಟಿ ಬರುತ್ತಿದ್ದ. ಒಂದು ದಿನ ಏಣಿ ಹತ್ತಿದವನು ಎದೆ ಹಿಡಿದುಕೊಂಡು ಇಳಿದ. ಅಷ್ಟೇ.

ಬಟ್ಟೆ ಸಿಕ್ಕಿದ್ದು ವ್ಯಾನಿನ ಸೀಟಿನ ಹಿಂದೆ. ದಪ್ಪ ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಬರೆದ ರಸ್ತೆಗಳು, ಸರ್ಕಲ್ಲು, ಸಿಗ್ನಲ್ಲು. ಜೊತೆಗೆ ನಾಲ್ಕು ಆಟಿಕೆ ಕಾರು.

"ಇದು ಯಾಕೆ ಬೇಕಿತ್ತು ಅವರಿಗೆ? ಲೈಸೆನ್ಸ್ ಇತ್ತಲ್ಲ!" ಎಂದಳು ಅವಳು.

ಮೇಷ್ಟ್ರು ತಡವರಿಸಿದ. "ನಿಮಗೋಸ್ಕರ... 'ನನ್ನ ಹೆಂಡ್ತಿ ಎರಡು ಡಿಗ್ರಿ ಮಾಡಿದಾಳೆ ಮೇಷ್ಟ್ರೇ, ಡ್ರೈವಿಂಗ್ ಥಿಯರೀಲಿ ಎರಡು ಸಲ ಫೇಲ್ ಆಗಿದಾಳೆ' ಅಂದ್ರು. 'ಕಣ್ಣಿಗೆ ಕಂಡ್ರೆ ಅವಳಿಗೆ ತಕ್ಷಣ ಹೊಳೆಯತ್ತೆ' ಅಂದ್ರು. ಮೂರನೇ ಸಲಕ್ಕೆ ತಾರೀಕು ಕೂಡ ತಗೊಂಡಿದ್ರು. ಇನ್ನು ಆರು ವಾರ."

ಊರಿಗೆಲ್ಲ ಸಾರಿದ್ದಾನೆ! ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಂಥರಾ ಹಿತವಾಗಿತ್ತು.

"ತಗೊಂಡು ಹೋಗಿ," ಎಂದಳು.

"ಬೇಡ. ಅವರು ಇಸ್ಕೊಂಡ ಕೆಲಸ ಇನ್ನೂ ಮುಗಿದಿಲ್ಲ. ಪಾಸಾದ ಮೇಲೆ ಕೊಡಿ."

ಪಾಸಾಗಲೇಬೇಕಿತ್ತು. ಮೂರನೇ ಸಲವೂ ತಪ್ಪಿದರೆ ಮತ್ತೆ ಒಂದು ವರ್ಷ ಬರೆಯುವಂತಿಲ್ಲ. ಪರದೆಯ ರಾಶಿ, ಸರಳು, ಏಣಿ ಎಲ್ಲ ಹೊತ್ತು ಇಬ್ಬರು ಹೆಂಗಸರು ಬಸ್ಸು ಹತ್ತುವುದು ಆಗದ ಮಾತು. ವ್ಯಾನು ಓಡದಿದ್ದರೆ ಹೊಲಿಗೆ ಮಷಿನ್ನೂ ನಿಂತ ಹಾಗೆಯೇ.

ಬದುಕಲು ಬಂದ ಈ ಪರನಾಡಿನ ಭಾಷೆ ಅವಳಿಗೆ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಾತ್ರ ಬರುತ್ತಿತ್ತು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಿತ್ತು. ಆದರೆ ಅದೆಂಥ ಕನ್ನಡ!

"ಸದರಿ ಪಥದಿಂದ ನಿರ್ಗಮನಾಪೇಕ್ಷಿಯಾದ ಚಾಲಕನು ಪೂರ್ವಭಾವಿಯಾಗಿ ಯಾವ ಪಥವನ್ನು ಅವಲಂಬಿಸತಕ್ಕದ್ದು?"

"ಯಾರಿಗೆ ಬೈತಾ ಇದೆ ಇದು?" ಎಂದಳು ಅತ್ತೆ.

ಮೇಷ್ಟ್ರು ನಕ್ಕ. ವಾರಕ್ಕೆ ಮೂರು ಸಂಜೆ ಅವನು ಮನೆಗೇ ಬರುತ್ತಿದ್ದ. ಅವನದೊಂದು ಪದ್ಧತಿಯಿತ್ತು. "ಉತ್ತರ ಆಮೇಲೆ. ಮೊದಲು ಪ್ರಶ್ನೆನ ನಿಮ್ಮತ್ತೆಗೆ ಅರ್ಥ ಆಗೋ ಹಾಗೆ ಹೇಳಿ."

"ಅತ್ತೆ, ದೊಡ್ಡ ರಸ್ತೇಲಿ ಹೋಗ್ತಾ ಇದೀರಿ. ಪಕ್ಕದ ರಸ್ತೆಗೆ ಇಳೀಬೇಕು. ಮೊದಲೇ ಎಲ್ಲಿಗೆ ಸರಿದುಕೋತೀರಿ?"

"ಅಂಚಿಗೆ ಸರಿದುಕೋತೀನಿ. ಬಸ್ಸಿಂದ ಇಳಿಯೋಳು ಬಾಗಿಲ ಹತ್ರ ಬಂದು ನಿಲ್ಲಲ್ವಾ? ಇದಕ್ಕೂ ಪರೀಕ್ಷೆನಾ! ನನ್ನನ್ನೇ ಕಳಿಸಿ, ಗೆದ್ದು ಬರ್ತೀನಿ."

ಎಲ್ಲ ಸರಿಹೋಗುತ್ತಿತ್ತು, ಈ ಒಂದು ಪ್ರಶ್ನೆ ಬಿಟ್ಟು. ಅವಳು ಪ್ರತಿಸಲವೂ ಎರಡನೇ ಲೇನ್ ಎಂದೇ ಗುರುತು ಹಾಕುತ್ತಿದ್ದಳು. ಪ್ರತಿಸಲವೂ ತಪ್ಪು.

"ಮೂರನೇದು ಮೇಡಂ! ಹೊರಗಿಂದು!"

"ಮೂರನೇದು ಎಲ್ಲಿದೆ? ನಿಮ್ಮ ಬಟ್ಟೇಲೇ ಎರಡಿದೆ!"

"ಮೂರು! ನಾನೇ ಬರೆದಿರೋದು!"

"ಎಣಿಸಿ!"

ಎಣಿಸಿದ. ಎರಡೇ ಇದ್ದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಎಣಿಸಿದ!

ಅತ್ತೆ ಬಟ್ಟೆಯ ಅಂಚಿಗೆ ಬೆರಳು ತಾಗಿಸಿದಳು. "ಇಲ್ಲಿ ದಪ್ಪ ಇದೆ..." ಮಗುಚಿ ನೋಡಿದಳು. ಸಣ್ಣ ಸಣ್ಣ ಹೊಲಿಗೆ, ಸಾಲಾಗಿ, ಒಂದೂ ಡೊಂಕಿಲ್ಲದೆ. "ಅಯ್ಯೋ ನನ್ನಪ್ಪ! ಮಡಚಿ ಹೊಲಿದುಬಿಟ್ಟಿದಾನೆ!"

ಎಳೆ ಬಿಚ್ಚಿಕೊಂಡ ಅಂಚನ್ನು ಕಂಡರೆ ಅವಳ ಗಂಡನ ಕೈ ಸುಮ್ಮನಿರುತ್ತಿರಲಿಲ್ಲ. ಇಸಿದುಕೊಂಡು ತಂದ ಬಟ್ಟೆಗೂ ನೀಟಾಗಿ ಅಂಚು ಕಟ್ಟಿದ್ದ. ಮೂರನೇ ಲೇನು ಅದರೊಳಗೆ ಸೇರಿಹೋಗಿತ್ತು.

ಅವಳಿಗೆ ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು... ಎಷ್ಟು ದಿನವಾಗಿತ್ತು!

ಮೇಷ್ಟ್ರೂ ನಗುತ್ತಲೇ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡ. "ಹೊಲಿಗೆ ಬಿಚ್ಚಿಬಿಟ್ರೆ ಆಯ್ತು..."

"ಮುಟ್ಟಬೇಡಿ!"

ಅವಳು ಬಟ್ಟೆಯನ್ನು ಎಳೆದು ಎದೆಗೆ ಅವಚಿಕೊಂಡಳು.

"ಅದು ಅವರು ಹೊಲಿದ ಕೊನೆಯ ಹೊಲಿಗೆ. ನಿಮಗೆ ಬರೀ ಬಟ್ಟೆ. ಮೊದಲ ದಿನ ಬಂದಾಗಲೂ ನಿಮಗೆ ಬಟ್ಟೆಯದೇ ಚಿಂತೆ... ದಯವಿಟ್ಟು ಹೋಗಿ."

ಅವನು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ.

ಅತ್ತೆ ಆಟಿಕೆ ಕಾರುಗಳನ್ನು ಒಂದೊಂದಾಗಿ ಎತ್ತಿಟ್ಟಳು. ಕೊನೆಗೆ ಒಂದೇ ಮಾತು ಹೇಳಿದಳು. "ಅವನಿಗೇನು ಗೊತ್ತು ಮಗಳೇ, ಪಾಪ."

ಮರುದಿನ ಬಾಗಿಲ ಸಂದಿಯಲ್ಲಿ ಒಂದು ಸುರುಳಿ. ಬಿಡಿಸಿದಳು. ಉದ್ದನೆಯ ಕಾಗದದ ಪಟ್ಟಿ. ಅದರ ಮೇಲೆ ಅದೇ ಬೂದು ಬಣ್ಣ, ಅದೇ ಬಿಳಿ ಗೆರೆ. ಮೂರನೇ ಲೇನು!

ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು: "ಬಿಚ್ಚುವುದು ಬೇಡ. ಇದನ್ನು ಪಕ್ಕಕ್ಕಿಟ್ಟುಕೊಳ್ಳಿ."

ಅವಳು ಅದನ್ನು ಅಂಚಿಗೆ ತಾಗಿಸಿ ಇಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೆಳಗಾಗುವಷ್ಟರಲ್ಲಿ ನೆನಪಿನಿಂದಲೇ ಅಳತೆ ಹಾಕಿ ಬರೆದಿದ್ದಾನೆ...

ಎದೆಯೊಳಗೆ ಏನೋ ಮಿಸುಕಿತು. ಇದು ಏನು? ಇದು ಸರಿಯೇ? ಪುಟ್ಟ ಕಾರನ್ನು ಎರಡನೇ ಲೇನಿನಿಂದ ಮೂರನೆಯದಕ್ಕೆ ಸರಿಸಿದಳು.

ಪರೀಕ್ಷೆಯ ದಿನ ಕಿವಿಗೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನ ಮುಂದೆ ಕೂತಳು. ಅದೇ ಪ್ರಶ್ನೆ ಬಂತು. "ಸದರಿ ಪಥದಿಂದ ನಿರ್ಗಮನಾಪೇಕ್ಷಿಯಾದ..."

ಅತ್ತೆ, ಇಳೀಬೇಕು, ಎಲ್ಲಿಗೆ ಸರಿದುಕೋತೀರಿ? ಎಂದು ಮನಸ್ಸಿನಲ್ಲೇ ಕೇಳಿದಳು. ಅತ್ತೆ ಬಸ್ಸಿನ ಬಾಗಿಲ ಹತ್ತಿರ ಬಂದು ನಿಂತಳು. ಅವಳಿಗೆ ನಗು ತಡೆಯಲಾಗಲಿಲ್ಲ. ಮೇಲ್ವಿಚಾರಕ ಕತ್ತೆತ್ತಿ ನೋಡಿದ. ಮೂರನೆಯದಕ್ಕೆ ಗುರುತು ಹಾಕಿದಳು.

ಹೊರಗೆ ಬಂದರೆ ಮೆಟ್ಟಿಲ ಕೆಳಗೆ ಅವನು! ಅತ್ತೆಯ ಪಕ್ಕದಲ್ಲಿ, ಅತ್ತೆಯ ಚೀಲ ಹಿಡಿದುಕೊಂಡು.

"ಪಾಸ್!" ಎಂದು ಅವಳು ಕೂಗಿದಳು.

"ಪಾಸಾಗಿರೋದು ನಾನು," ಎಂದಳು ಅತ್ತೆ.

ಬಟ್ಟೆಯನ್ನು ಮಾತ್ರ ಅವಳು ಕೊಡಲಿಲ್ಲ. ಅವನೂ ಕೇಳಲಿಲ್ಲ. ಆಮೇಲೆ ಗಾಡಿಯ ಪಾಠ ಶುರುವಾಯಿತು. ಅವನ ಕಾಲ ಬಳಿಯೂ ಒಂದು ಬ್ರೇಕಿತ್ತು, ನಾಯಿ ಕಂಡರೂ ಒತ್ತುತ್ತಿದ್ದ, ಎಲೆ ಹಾರಿದರೂ ಒತ್ತುತ್ತಿದ್ದ. ಅತ್ತೆ ಅವನಿಗೆ 'ಬ್ರೇಕ್ ಮೇಷ್ಟ್ರು' ಎಂದು ಹೆಸರಿಟ್ಟಳು. ತಿಂಗಳುಗಳು ಉರುಳಿ ಲೈಸೆನ್ಸ್ ಬಂತು. ವ್ಯಾನು ಓಡಿತು. ಅವನು ಬರುವುದಕ್ಕೆ ಕಾರಣ ಉಳಿಯಲಿಲ್ಲ... ಬರುವುದು ನಿಂತಿತು.

"ಇಸ್ಕೊಂಡಿದ್ದನ್ನ ಇನ್ನೂ ಎಷ್ಟು ದಿನ ಇಟ್ಕೋತೀಯ?" ಎಂದಳು ಅತ್ತೆ ಒಂದು ದಿನ. ಅವಳೇ ಬಟ್ಟೆಯನ್ನು ತಂದು ಸೊಸೆಯ ತೊಡೆಯ ಮೇಲಿಟ್ಟಳು, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯ ಜೊತೆ. "ನನ್ನ ಮಗ ರಸ್ತೆ ಮುಚ್ಚೋದಕ್ಕೆ ಹೊಲೀಲಿಲ್ಲ ಮಗಳೇ."

ಸೊಸೆ ಒಂದೊಂದೇ ಹೊಲಿಗೆ ಬಿಚ್ಚಿದಳು. ದಾರವನ್ನು ಕಡಿಯದೆ ಎಳೆದು, ಬೆರಳಿಗೆ ಸುತ್ತಿ, ಡಬ್ಬಿಯಲ್ಲಿಟ್ಟಳು. ಲೇನು ಹೊರಗೆ ಬಂತು, ಬಣ್ಣ ಮಾಸದೆ. ಅದರಾಚೆಗೆ ಹೊಸ ಪಟ್ಟಿ ಸೇರಿಸಿ ಅಂಚು ಕಟ್ಟಿದಳು.

ಡ್ರೈವಿಂಗ್ ಶಾಲೆಯ ಮುಂದೆ ವ್ಯಾನು ನಿಂತಾಗ ಮೇಷ್ಟ್ರು ಬೋರ್ಡು ಒರೆಸುತ್ತಿದ್ದ. ಅವಳು ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ನಾಲ್ಕು ಕಾರುಗಳನ್ನೂ ಸಾಲಾಗಿ ಇಟ್ಟಳು.

"ನನ್ನ ಯಜಮಾನರು ಇಸ್ಕೊಂಡಿದ್ದು. ತಡವಾಯ್ತು."

ಅವನು ಅಂಚನ್ನು ಮುಟ್ಟಿದ. ಮೂರನೇ ಲೇನಿನ ಮೇಲೆ ಬೆರಳಾಡಿಸಿದ.

"ಬಿಚ್ಚಿದ್ರಾ...?"

"ನಾನೇ."

"ಇದನ್ನ ಕೊಟ್ಟುಬಿಟ್ರೆ ನೀವು ಮತ್ತೆ ಈ ಕಡೆ ಬರಲ್ಲ ಅಂತ ಕೇಳದೇ ಇದ್ದೆ." ಕೈಯಲ್ಲಿದ್ದ ಡಸ್ಟರನ್ನು ಕೆಳಗಿಟ್ಟ. "ಮೊದಲ ದಿನ ಬಾಗಿಲು ಬಡಿದಿದ್ದಕ್ಕೆ ಇವತ್ತಿಗೂ ನಾಚಿಕೆ. ಆದ್ರೆ ಬಡೀದೇ ಇದ್ದಿದ್ರೆ... ಅಂತ ಯೋಚಿಸಿದ್ರೆ ಭಯ ಆಗತ್ತೆ."

ಅವಳ ಕಣ್ಣು ತುಂಬಿತು. ತುಟಿಯ ಮೇಲೆ ನಗುವಿತ್ತು.

ಅವನು ಮೇಜಿನ ಮೇಲೆ ಕಣ್ಣಾಡಿಸಿದ. "ಆ ಕಾಗದದ ಲೇನ್ ಎಲ್ಲಿ?"

"ಅದು ಅವರು ಇಸ್ಕೊಂಡಿದ್ದಲ್ಲ," ಎಂದಳು ಅವಳು. "ಅದು ನೀವು ನನಗೆ ಕೊಟ್ಟಿದ್ದು. ಅದನ್ನ ವಾಪಸ್ ಕೊಡಲ್ಲ."